ಅಂತರಜಾಲದಲ್ಲಿ ಮಕ್ಕಳು: ಕಾವಲು ಹೇಗಿರಬೇಕು?

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಮೂರು ದಶಕ ಕಳೆದವನು, ಗಣಕತಜ್ಞನಲ್ಲ. ಈ ವಿಷಯ ಕುರಿತು ಮಾತನಾಡಲು ನನಗಿರುವ ಅರ್ಹತೆ ಒಂದೇ: ತಂದೆಯಾಗಿ ನಾನು ಮಾಡಿದ ತಪ್ಪು.

ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ, ಅವಳು ಮಲಗಿದ ಮೇಲೆ ಅವಳ ಮೊಬೈಲಿನ ಸಂದೇಶಗಳನ್ನು ಕದ್ದು ಓದುತ್ತಿದ್ದೆ. ಸಹಪಾಠಿಯೊಬ್ಬನ ನಿರುಪದ್ರವಿ ತಮಾಷೆಯನ್ನು ಕಂಡು ಒಂದು ದಿನ ಗದರಿಸಿದೆ. ಅವಳು ಅಳಲಿಲ್ಲ, ವಾದಿಸಲಿಲ್ಲ. ಮರುದಿನ ಮೊಬೈಲಿನ ಪಾಸ್‌ವರ್ಡ್ ಬದಲಾಗಿತ್ತು. ಕೆಲವು ತಿಂಗಳ ತರುವಾಯ, ತಾನೂ ಶಾಲಾ ಬಾಲಕಿಯೆಂದು ನಂಬಿಸಿದ ಅಪರಿಚಿತನೊಬ್ಬ ಅವಳಿಂದ ಭಾವಚಿತ್ರವೊಂದನ್ನು ಪಡೆದು ಬೆದರಿಸತೊಡಗಿದ. ಮೂರು ವಾರ ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿಕೊಂಡದ್ದು ರಜೆಗೆ ಬಂದಿದ್ದ ಚಿಕ್ಕಮ್ಮನ ಬಳಿ. ನನಗೇಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ಅಪ್ಪ ನನ್ನನ್ನೇ ಬೈತಾರೆ” ಎಂದಳಂತೆ.

ಅಂದು ನನಗೊಂದು ಸತ್ಯ ಹೊಳೆಯಿತು. ಇಂಥ ವಂಚಕರು ಆಟದ ಆ್ಯಪಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಸ್ನೇಹ ಬೆಳೆಸುತ್ತಾರೆ, ಹೊಗಳುತ್ತಾರೆ, ಖಾಸಗಿ ಸಂದೇಶಕ್ಕೆ ಕರೆದೊಯ್ಯುತ್ತಾರೆ, “ಮನೆಯಲ್ಲಿ ಹೇಳಬೇಡ” ಎನ್ನುತ್ತಾರೆ. ಚಿತ್ರ ಕೈಸೇರಿದ ಮೇಲೆ “ನಿನ್ನ ತಂದೆತಾಯಿಗೆ ಕಳುಹಿಸುತ್ತೇನೆ” ಎಂಬುದೇ ಅವರ ಅಸ್ತ್ರ. ಅಂದರೆ ಮಗುವಿಗೆ ನಮ್ಮ ಮೇಲಿರುವ ಭಯವೇ ಅವರ ಬಂಡವಾಳ. ಆ ಬಂಡವಾಳವನ್ನು ನಾನೇ ಒದಗಿಸಿಕೊಟ್ಟಿದ್ದೆ.

ಹಾಗಾದರೆ ಕಾವಲು ಬೇಡವೇ? ಖಂಡಿತ ಬೇಕು. ಆದರೆ ಅದು ಮಗುವಿಗೆ ತಿಳಿದಿರುವ ಕಾವಲಾಗಿರಬೇಕು. ವಯಸ್ಸು ಏರಿದಂತೆ ಸಡಿಲಗೊಳ್ಳಬೇಕು. ಹತ್ತು ವರ್ಷದವರೆಗೆ ಮೊಬೈಲು, ಟ್ಯಾಬುಗಳು ನಡುಮನೆಯಲ್ಲಿಯೇ ಇರಲಿ, ಹಿರಿಯರೊಬ್ಬರು ಜೊತೆಯಲ್ಲಿರಲಿ. ಅನಂತರದ ವರ್ಷಗಳಲ್ಲಿ ಗೂಗಲ್‌ನ ಫ್ಯಾಮಿಲಿ ಲಿಂಕ್, ಆ್ಯಪಲ್‌ನ ಸ್ಕ್ರೀನ್ ಟೈಮ್ ಮುಂತಾದ ಸಾಧನಗಳಿಂದ ವೇಳೆಗೆ ಮಿತಿ ಹಾಕಬಹುದು, ಹೊಸ ಆ್ಯಪುಗಳಿಗೆ ನಮ್ಮ ಒಪ್ಪಿಗೆ ಬೇಕೆಂದು ಮಾಡಬಹುದು. ರಾತ್ರಿ ಎಲ್ಲರ ಮೊಬೈಲುಗಳೂ, ತಂದೆಯದೂ ಸೇರಿ, ಮಲಗುವ ಕೋಣೆಯ ಹೊರಗಿರಲಿ. ಹದಿನೈದು ದಾಟಿದವರೊಡನೆ ಪರಿಶೀಲನೆಗಿಂತ ಒಪ್ಪಂದ ಲೇಸು.

ಮಗುವಿಗೂ ಖಾಸಗಿತನ ಉಂಟೇ ಎಂದು ಕೆಲವರು ಕೇಳುತ್ತಾರೆ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. 1992ರಲ್ಲಿ ಭಾರತ ಸಮ್ಮತಿಸಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಗುವಿನ ಖಾಸಗಿತನವನ್ನು ಮನ್ನಿಸುತ್ತದೆ. ರಕ್ಷಣೆಯ ಹೊಣೆ ನಮ್ಮದು ನಿಜ. ಆ ಹೊಣೆಯ ನೆಪದಲ್ಲಿ ಕಳ್ಳಗಣ್ಣಿಗೆ ಪರವಾನಗಿ ಸಿಗುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕೊರತೆಯಿದೆ. ಊರಿನಲ್ಲಿ ತಂದೆಗೆ ಹೇಳಲಾಗದ್ದನ್ನು ಮಗು ಅಜ್ಜಿಗೆ, ಸೋದರತ್ತೆಗೆ, ಮಾವನಿಗೆ ಹೇಳುತ್ತಿತ್ತು. ಇಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ತಂದೆ, ತಾಯಿ, ಮಗು. ಬಾಗಿಲು ಮುಚ್ಚಿದರೆ ಲೋಕವೆಲ್ಲ ಮೊಬೈಲಿನೊಳಗೆ. ಮನೆಯ ಮಾತು ಕನ್ನಡ, ಆ ಲೋಕದ ಮಾತು ಇಂಗ್ಲಿಷು ಹಿಂದಿ. ಇಂಥ ಸಂಕಟವನ್ನು ಹೇಳಿಕೊಳ್ಳಲು ಬೇಕಾದ ಕನ್ನಡದ ಮಾತುಗಳನ್ನು ನಾವು ಮಕ್ಕಳಿಗೆ ಕಲಿಸಿಯೇ ಇಲ್ಲ. ತಾಯಿನುಡಿ ಉಳಿಯಬೇಕೆಂದು ಪ್ರತಿ ರಾಜ್ಯೋತ್ಸವದಲ್ಲೂ ನಿರ್ಣಯ ಕೈಗೊಳ್ಳುತ್ತೇವೆ. ಮಗು ತನ್ನ ಭಯವನ್ನು ತೋಡಿಕೊಳ್ಳಲಾಗದ ಭಾಷೆ ಉಳಿದು ಫಲವೇನು?

ಆದ್ದರಿಂದ ನನ್ನ ಸೂಚನೆ ಇಷ್ಟು. ಸಂಘದ ಪ್ರತಿ ಮನೆಯ ಮಗುವೂ, ಏನೇ ಆದರೂ ನಿಸ್ಸಂಕೋಚವಾಗಿ ಹೇಳಿಕೊಳ್ಳಬಹುದಾದ ಹಿರಿಯರೊಬ್ಬರನ್ನು ತಾನೇ ಆರಿಸಿಕೊಳ್ಳಲಿ. ಆ ಹಿರಿಯರು ವಿಷಯವನ್ನು ಬಚ್ಚಿಡದೆ, ಮಗುವಿನ ಕೈಹಿಡಿದು ಪಾಲಕರೆದುರು ನಿಲ್ಲಲಿ. ಬೆದರಿಕೆ ಬಂದಾಗ ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಎಲ್ಲಕ್ಕೂ ಮೊದಲು ಮಗುವಿಗೆ ಒಂದು ಮಾತು ಹೇಳಿ: “ತಪ್ಪು ನಿನ್ನದಲ್ಲ.”

ನಾನು ಆ ಮಾತನ್ನು ತಡವಾಗಿ ಹೇಳಿದೆ. ತಾವು ಇಂದೇ, ಮನೆಗೆ ಹೋದೊಡನೆ ಹೇಳಿರೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.