ಈ ಟೀಮ್ ಯಾರ ಮನೆ ಆಸ್ತಿ?

ಇವತ್ತು ರಾಜೀನಾಮೆ ಇಲ್ಲ, ಬಣ ಬಡಿದಾಟ ಇಲ್ಲ, ದೆಹಲಿ ಯಾತ್ರೆ ಇಲ್ಲ. ಇವತ್ತು ಒಂದು ಹಿಡಿ ಮಣ್ಣಿನ ಕಥೆ ಹೇಳ್ತೀನಿ, ಕೇಳಿ.

2024ರ ಸೆಪ್ಟೆಂಬರ್ 26, ಗುರುವಾರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲೆಂಡ್. ಸ್ಯಾನ್‌ಫ್ರಾನ್ಸಿಸ್ಕೋ ಎದುರಿಗೆ, ಕೊಲ್ಲಿಯ ಇನ್ನೊಂದು ದಡದಲ್ಲಿರುವ ಬಂದರು ನಗರ. ಕೆಲಸದ ದಿನ, ಮಟಮಟ ಮಧ್ಯಾಹ್ನ. ಆದರೂ ಅಲ್ಲಿನ ಕೊಲಿಸಿಯಂ ಸ್ಟೇಡಿಯಂನಲ್ಲಿ 46,889 ಜನ. ಆಡ್ತಾ ಇರೋದು ಓಕ್ಲೆಂಡ್ ಅಥ್ಲೆಟಿಕ್ಸ್ ಅನ್ನೋ ಬೇಸ್‌ಬಾಲ್ ಟೀಮ್. ಎದುರಾಳಿ ಟೆಕ್ಸಾಸ್ ರೇಂಜರ್ಸ್. ಮ್ಯಾಚ್ ಗೆದ್ದರೂ ಕಪ್ ಬರೋದಿಲ್ಲ, ಪ್ಲೇ ಆಫ್ ದಾರಿ ಯಾವತ್ತೋ ಮುಚ್ಚಿದೆ. ಓಕ್ಲೆಂಡ್ ಗೆದ್ದಿತು, 3-2. ಮ್ಯಾಚ್ ಮುಗಿದ ಮೇಲೆ ಜನ ಎದ್ದು ಹೋಗಲಿಲ್ಲ. ಅತ್ತರು. ಮೈದಾನದ ಮಣ್ಣನ್ನ ಲೋಟದಲ್ಲಿ, ಕವರಿನಲ್ಲಿ ತುಂಬಿಕೊಂಡರು. ಯಾಕೆ ಗೊತ್ತಾ? 57 ವರ್ಷ ಆ ಊರಲ್ಲಿ ಆಡಿದ ಟೀಮ್, ಅವತ್ತು ಆ ಊರಿನ ಕೊನೆಯ ಮ್ಯಾಚ್ ಆಡಿತ್ತು.

ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವನು. ಬೇಸ್‌ಬಾಲ್ ಅಂದರೆ ಸಿನಿಮಾದಲ್ಲಿ ಹೊಡೆದಾಟಕ್ಕೆ ಬಳಸೋ ಬ್ಯಾಟು ಅಂತಷ್ಟೇ ಬಹಳ ದಿನ ಅಂದುಕೊಂಡಿದ್ದೆ. ಆದರೆ ಈ ಟೀಮಿನ ಕಥೆ ಓದೋಕೆ ಶುರು ಮಾಡಿದ ಮೇಲೆ ಬಿಡೋಕೆ ಆಗಲಿಲ್ಲ.

ಮೊದಲು ಲೆಕ್ಕ ಅರ್ಥ ಮಾಡ್ಕೊಳ್ಳಿ. ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡ ಆಡೋದು 14 ಮ್ಯಾಚ್. ಅಮೆರಿಕದ ಬೇಸ್‌ಬಾಲ್ ಸೀಸನ್‌ನಲ್ಲಿ 162! ಅದರಲ್ಲಿ 81 ಸ್ವಂತ ಮೈದಾನದಲ್ಲಿ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಡಿಮೆ ದಿನಾ ಆಟ. ಹಾಗಾಗಿ ಅಲ್ಲಿ ಟೀಮ್ ಅನ್ನೋದು ವರ್ಷಕ್ಕೊಮ್ಮೆ ಬರೋ ಹಬ್ಬ ಅಲ್ಲ, ದಿನಾ ಸಂಜೆ ಮನೆಗೆ ಬರೋ ನೆಂಟ. ಅಪ್ಪ ಮಗಳನ್ನ ಕರ್ಕೊಂಡು ಹೋಗಿ ಕೂತ ಸೀಟಲ್ಲಿ, ಆ ಮಗಳು ತನ್ನ ಮಗನನ್ನ ಕೂರಿಸ್ತಾಳೆ.

ಈ ಟೀಮ್ 1968ರಲ್ಲಿ ಓಕ್ಲೆಂಡಿಗೆ ಬಂತು. ಅದಕ್ಕೂ ಮೊದಲು ಕಾನ್ಸಾಸ್ ಸಿಟಿಯಲ್ಲಿತ್ತು, ಅದಕ್ಕೂ ಮೊದಲು ಫಿಲಡೆಲ್ಫಿಯಾದಲ್ಲಿ. ಓಕ್ಲೆಂಡಿನಲ್ಲಿ ನಾಲ್ಕು ಸಲ ವರ್ಲ್ಡ್ ಸೀರೀಸ್ ಗೆದ್ದಿತು. 1972, 73, 74, ಆಮೇಲೆ 1989. ನಮ್ಮಲ್ಲಿ ಅನೇಕರು 'ಮನಿಬಾಲ್' ಸಿನಿಮಾ ನೋಡಿರ್ತೀರಿ, ಬ್ರಾಡ್ ಪಿಟ್‌ದು. ಅದು ಇದೇ ಟೀಮಿನ 2002ರ ಸೀಸನ್. ಶ್ರೀಮಂತ ಟೀಮ್‌ಗಳು ಇವರ ಸ್ಟಾರ್ ಆಟಗಾರರನ್ನ ಎತ್ತಿಕೊಂಡು ಹೋದವು. ಉಳಿದವರನ್ನ, ಬೇರೆಯವರು ಬೇಡ ಅಂದವರನ್ನ ಇಟ್ಕೊಂಡು ಇವರು ಸತತ 20 ಮ್ಯಾಚ್ ಗೆದ್ದರು. ಆ ವರ್ಷ ಒಟ್ಟು 103 ಗೆಲುವು. ಬಡವರ ಟೀಮ್ ಬುದ್ಧಿ ಉಪಯೋಗಿಸಿ ಗೆದ್ದ ಕಥೆ ಅಂತ ಜಗತ್ತೇ ಚಪ್ಪಾಳೆ ಹೊಡೀತು.

ಆದರೆ ಸ್ವಾಮಿ, ಬಡತನ ಯಾವುದು, ಜಿಪುಣತನ ಯಾವುದು? ಅಲ್ಲೇ ಇರೋದು ಪ್ರಶ್ನೆ.

ಟೀಮಿನ ಮಾಲೀಕ ಜಾನ್ ಫಿಶರ್. ಗ್ಯಾಪ್ ಅನ್ನೋ ಬಟ್ಟೆ ಕಂಪನಿ ಕಟ್ಟಿದ ದಂಪತಿಯ ಮಗ. 2005ರಲ್ಲಿ ಪಾಲುದಾರರ ಜೊತೆ ಸುಮಾರು 18 ಕೋಟಿ ಡಾಲರಿಗೆ ಟೀಮ್ ಕೊಂಡರು. ಇವತ್ತು ಅದರ ಬೆಲೆ ನೂರು ಕೋಟಿ ಡಾಲರ್ ದಾಟಿದೆ. ಬೆಲೆ ಏರಿತು, ಆಟಗಾರರ ಸಂಬಳದ ಪಟ್ಟಿ ಮಾತ್ರ ಇಡೀ ಲೀಗಿನಲ್ಲೇ ತಳಕ್ಕೆ ಹೋಯಿತು. ಒಳ್ಳೆ ಆಟಗಾರರು ಒಬ್ಬೊಬ್ಬರಾಗಿ ಬೇರೆ ಟೀಮ್‌ಗಳಿಗೆ ಹೋದರು. ಪರಿಣಾಮ? 2023ರಲ್ಲಿ 50 ಗೆಲುವು, 112 ಸೋಲು. ಜನ ಮೈದಾನಕ್ಕೆ ಬರೋದು ಕಡಿಮೆಯಾಯಿತು. ಆಗ ಬಂತು ಮಾತು: ನೋಡಿ, ಈ ಊರಿನವರಿಗೆ ಟೀಮ್ ಬೇಡವಂತೆ!

ಅನ್ನ ಹಳಸಿ ಬಡಿಸೋದು, ಆಮೇಲೆ ನೆಂಟರಿಗೆ ಹಸಿವಿಲ್ಲ ಅನ್ನೋದು. ಹಾಗಾಯ್ತು ಇದು.

ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. 2023ರ ಜೂನ್ 13ಕ್ಕೆ ಒಂದು ವಿಚಿತ್ರ ಪ್ರತಿಭಟನೆ ಮಾಡಿದರು. ಬಹಿಷ್ಕಾರ ಅಂದರೆ ಮೈದಾನಕ್ಕೆ ಹೋಗದೇ ಇರೋದು. ಇವರದ್ದು ಉಲ್ಟಾ ಬಹಿಷ್ಕಾರ. ಎಲ್ಲರೂ ಒಟ್ಟಿಗೆ ಹೋಗೋಣ, ಜನ ಇದ್ದಾರೆ ಅಂತ ತೋರಿಸೋಣ ಅಂತ. ಮಂಗಳವಾರ ರಾತ್ರಿ 27,759 ಜನ ಬಂದರು. ಹಸಿರು ಟೀ ಶರ್ಟ್ ಮೇಲೆ ಒಂದೇ ಪದ: 'ಸೆಲ್'. ಮಾರಿಬಿಡು. ನಿನಗೆ ಆಗದಿದ್ದರೆ ನಡೆಸೋ ಯೋಗ್ಯತೆ ಇರೋರಿಗೆ ಕೊಡು. ಅವತ್ತು ಆ ಸೋತು ಸುಣ್ಣವಾದ ಟೀಮ್, ಲೀಗಿನ ಬಲಿಷ್ಠ ತಂಡವಾಗಿದ್ದ ಟ್ಯಾಂಪಾ ಬೇ ರೇಸ್‌ನ 2-1ರಿಂದ ಸೋಲಿಸಿತು!

ಏನಾಯ್ತು ಆಮೇಲೆ? ಎರಡೇ ದಿನ. ಜೂನ್ 15ಕ್ಕೆ ಪಕ್ಕದ ನೆವಾಡಾ ರಾಜ್ಯದ ಗವರ್ನರ್ ಒಂದು ಮಸೂದೆಗೆ ಸಹಿ ಹಾಕಿದರು. ಲಾಸ್ ವೇಗಸ್‌ನಲ್ಲಿ ಈ ಟೀಮಿಗೆ ಹೊಸ ಸ್ಟೇಡಿಯಂ, ಅದಕ್ಕೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ. ನವೆಂಬರ್‌ನಲ್ಲಿ ಉಳಿದ ಮಾಲೀಕರೆಲ್ಲ ಸೇರಿ ಒಪ್ಪಿಗೆ ಒತ್ತಿದರು. ವಿರೋಧಕ್ಕೆ ಒಂದೇ ಒಂದು ಓಟು ಬೀಳಲಿಲ್ಲ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತೆ. ಆ ಕೊಲಿಸಿಯಂ 1966ರ ಕಟ್ಟಡ. ಒಳಚರಂಡಿ ಉಕ್ಕಿ ಆಟಗಾರರ ಕೋಣೆಗೆ ನುಗ್ಗಿದ್ದುಂಟು. ಹೊಸ ಮೈದಾನ ಬೇಕಿತ್ತು, ಸುಳ್ಳಲ್ಲ. ಬಂದರಿನ ಪಕ್ಕ ಕಟ್ಟೋ ಯೋಜನೆ ಬಗ್ಗೆ ನಗರಸಭೆಯೂ ಮಾಲೀಕರೂ ವರ್ಷಗಟ್ಟಲೆ ಎಳೆದಾಡಿದರು. ಆಸ್ಪತ್ರೆ, ಪೊಲೀಸು, ಮನೆಯಿಲ್ಲದವರ ಸಮಸ್ಯೆ ಇರೋ ಊರು ಒಬ್ಬ ಕೋಟ್ಯಧಿಪತಿಯ ಸ್ಟೇಡಿಯಂಗೆ ಎಷ್ಟು ತೆರಿಗೆ ಹಣ ಸುರೀಬೇಕು? ಆ ಪ್ರಶ್ನೆ ಕೇಳಿದ ನಗರಸಭೆಯನ್ನ ನಾನಂತೂ ಬೈಯಲ್ಲ.

ಇದೆಲ್ಲದರ ಮಧ್ಯೆ 2024ರ ಆಟಗಾರರನ್ನ ನೆನೆಸಿಕೊಳ್ಳಿ. ಊರು ಬಿಡೋದು ಖಚಿತ, ಗ್ಯಾಲರಿ ಖಾಲಿ ಖಾಲಿ. ಆದರೂ ಬ್ರೆಂಟ್ ರೂಕರ್ 39 ಹೋಮ್ ರನ್ ಬಾರಿಸಿದರು. ಮೇಸನ್ ಮಿಲ್ಲರ್ ಗಂಟೆಗೆ 160 ಕಿ.ಮೀ. ಮೀರಿದ ವೇಗದಲ್ಲಿ ಚೆಂಡೆಸೆದರು. ಸೀಸನ್ನಿನ ದ್ವಿತೀಯಾರ್ಧದಲ್ಲಿ ಗೆಲುವು, ಸೋಲು ಹೆಚ್ಚುಕಡಿಮೆ ಸಮಸಮ. ಒಟ್ಟು 69 ಗೆಲುವು. ಹಿಂದಿನ ವರ್ಷಕ್ಕಿಂತ 19 ಹೆಚ್ಚು. ಕೊನೆಯ ದಿನ ತರಬೇತುದಾರ ಮಾರ್ಕ್ ಕೊಟ್ಸೆ ಮೈಕ್ ಹಿಡಿದು ಜನರಿಗೆ ಧನ್ಯವಾದ ಹೇಳಿದರು, ಊರಿನ ಹೆಸರಲ್ಲಿ ಜೈಕಾರ ಹಾಕಿಸಿದರು. ಮಾಲೀಕರ ಬಾಯಿಂದ ಬರಬೇಕಿದ್ದ ಮಾತನ್ನ ಸಂಬಳಕ್ಕೆ ದುಡಿಯೋ ಮನುಷ್ಯ ಆಡಿದ.

2025ರಲ್ಲಿ ಟೀಮ್ ಮೂರು ವರ್ಷಕ್ಕೆ ಅಂತ ಸ್ಯಾಕ್ರಮೆಂಟೊ ಪಕ್ಕದ ಒಂದು ಚಿಕ್ಕ ಮೈದಾನದಲ್ಲಿ ಬಿಡಾರ ಹೂಡಿತು. ಆಮೇಲೆ ಲಾಸ್ ವೇಗಸ್ ಅಂತೆ. ಅಲ್ಲಿತನಕ ಹೆಸರಿನ ಮುಂದೆ ಯಾವ ಊರೂ ಇಲ್ಲ. ಬರೀ 'ಅಥ್ಲೆಟಿಕ್ಸ್'.

ಇದು ನಮಗ್ಯಾಕೆ ಅಂತೀರಾ? ಐಪಿಎಲ್ ಶುರುವಾದಾಗ 'ಫ್ರಾಂಚೈಸಿ' ಅನ್ನೋ ಪದವನ್ನ ನಾವು ಅಮೆರಿಕದ ಲೀಗುಗಳ ಮಾದರಿಯಿಂದಲೇ ತಂದಿದ್ದು. 'ಈ ಸಲ ಕಪ್ ನಮ್ದೇ' ಅಂತೀವಲ್ಲ, ಆ 'ನಮ್ದೇ'ಗೆ ಕಾಗದದ ಮೇಲೆ ಬೆಲೆ ಎಷ್ಟು? 2009ರಲ್ಲಿ ಕಪ್ ಗೆದ್ದ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 2012ಕ್ಕೆ ಮಾಯ. ಕೊಚ್ಚಿಯ ಟೀಮ್ ಆಡಿದ್ದು ಒಂದೇ ಸೀಸನ್. ಜೆರ್ಸಿ ಕೊಂಡವರನ್ನ, ಬಾವುಟ ಹಿಡಿದವರನ್ನ ಯಾರಾದರೂ ಒಂದು ಮಾತು ಕೇಳಿದರಾ?

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಅದೇ ಅಮೆರಿಕದಲ್ಲೇ ಇದೆ. ಗ್ರೀನ್ ಬೇ ಅನ್ನೋ ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರಿನ ಫುಟ್‌ಬಾಲ್ ಟೀಮ್ ಪ್ಯಾಕರ್ಸ್. ಅದಕ್ಕೆ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು, ಎಲ್ಲ ಅಭಿಮಾನಿಗಳೇ. ಲಾಭ ಹಂಚಿಕೊಳ್ಳೋ ಹಾಗಿಲ್ಲ. ಒಬ್ಬ ಮಾಲೀಕ ರಾತ್ರೋರಾತ್ರಿ ಅದನ್ನ ಹೊತ್ತೊಯ್ಯೋಕೆ ಆಗಲ್ಲ. ಮನಸ್ಸಿದ್ದರೆ ಮಾರ್ಗ ಇರುತ್ತೆ ಕಣ್ರೀ.

ಕೊನೆಗೊಂದು ಮಾತು. ಸೆಪ್ಟೆಂಬರ್ 26ರಂದು ಆಟ ಶುರುವಾಗೋ ಮುನ್ನ ಗೌರವದ ಮೊದಲ ಚೆಂಡು ಎಸೆದವರಲ್ಲಿ ರಿಕಿ ಹೆಂಡರ್ಸನ್ ಒಬ್ಬರು. ಓಕ್ಲೆಂಡಿನ ಗಲ್ಲಿಯಲ್ಲೇ ಬೆಳೆದ ಹುಡುಗ, ಬೇಸ್ ಕದಿಯೋದರಲ್ಲಿ 1,406ರ ದಾಖಲೆ ಬರೆದವರು. ಆ ಮೈದಾನಕ್ಕೇ ಅವರ ಹೆಸರಿದೆ. ಡಿಸೆಂಬರ್ 20ಕ್ಕೆ ರಿಕಿ ತೀರಿಕೊಂಡರು. ಮೂರು ತಿಂಗಳೂ ತುಂಬಿರಲಿಲ್ಲ. ಟೀಮು ಹೋಯಿತು, ನಾಯಕನೂ ಹೋದ. ಓಕ್ಲೆಂಡಿನ ಎಷ್ಟೋ ಮನೆಗಳ ಶೋಕೇಸಿನಲ್ಲಿ ಈಗ ಒಂದು ಲೋಟ ಮಣ್ಣು ಉಳಿದಿದೆ.

ಟೀಮಿನ ಕಾಗದಪತ್ರ ಮಾಲೀಕರ ಬೀರುವಿನಲ್ಲಿರಬಹುದು. ಆ ಮಣ್ಣನ್ನ ಮಾತ್ರ ಯಾವ ಮಸೂದೆಯೂ ಲಾಸ್ ವೇಗಸ್‌ಗೆ ವರ್ಗಾಯಿಸೋಕೆ ಆಗಲ್ಲ.