ತಡೆಹಿಡಿದ ಹಣ ಯಾರದು?



ಕೊಲ್ಲಿಯ ವಲಸೆ ಕಾರ್ಮಿಕರ ವಿಷಯ ಬಂದಾಗ ನಾವು ಕಫಾಲಾ ಪದ್ಧತಿಯನ್ನು, ಕಸಿದುಕೊಂಡ ಪಾಸ್‌ಪೋರ್ಟನ್ನು ಪ್ರಸ್ತಾಪಿಸುತ್ತೇವೆ. ಅದು ಸರಿಯೇ. ಆದರೆ ಕೂಲಿ ನಿಲ್ಲುವುದಕ್ಕೆ ಗುತ್ತಿಗೆ ಕರಾರಿನ ಒಂದೆರಡು ಸಾಲುಗಳೂ ಕಾರಣವಾಗುತ್ತವೆ. ಇಂದು ನಾನು ಆ ಸಾಲುಗಳ ಕುರಿತು ಮಾತನಾಡುತ್ತೇನೆ.

ಕಟ್ಟಡ ಕಾಮಗಾರಿಯಲ್ಲಿ ಪ್ರತಿ ಬಿಲ್ಲಿನಿಂದ ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಇದೇ ರಿಟೆನ್ಷನ್. ಕೆಲಸದಲ್ಲಿ ದೋಷ ಕಂಡರೆ ಸರಿಪಡಿಸಲು ಭದ್ರತೆ ಬೇಕೆಂಬುದು ಅದರ ಸಮರ್ಥನೆ. ತತ್ತ್ವದಲ್ಲಿ ತಪ್ಪಿಲ್ಲ, ತೊಡಕಿರುವುದು ಮರುಪಾವತಿಯ ಗಡುವಿನಲ್ಲಿ. ಅಡಿಪಾಯ ಹಾಕಿದ ಉಪಗುತ್ತಿಗೆದಾರ ಮೊದಲ ವರ್ಷವೇ ಕೆಲಸ ಮುಗಿಸಿ ಹೊರಡುತ್ತಾನೆ. ಗಡುವು ಇಡೀ ಕಟ್ಟಡದ ಹಸ್ತಾಂತರಕ್ಕೆ ಕಟ್ಟುಬಿದ್ದಿದ್ದರೆ, ಅವನ ಹಣ ಕೊನೆಯ ಮಹಡಿಗೆ ಬಣ್ಣ ಬಳಿಯುವವರೆಗೆ ಕಾಯಬೇಕು. 10 ಲಕ್ಷ ರಿಯಾಲಿನ ಕೆಲಸದಲ್ಲಿ 1 ಲಕ್ಷ ಹೀಗೆ ಉಳಿಯಿತೆಂದುಕೊಳ್ಳಿ. ಅವನ ಲಾಭವೂ ಅಷ್ಟೇ ಆಗಿದ್ದರೆ, ಇಡೀ ಲಾಭ ಮೇಲಿನವರಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲವಾಯಿತು. ‘ನಮಗೆ ಬಂದ ಮೇಲೆ ನಿಮಗೆ’ ಎಂಬ ಷರತ್ತೂ ಸೇರಿದರೆ, ಆ ಸಾಲವನ್ನು ಕಟ್ಟಕಡೆಗೆ ಹೊರುವವನು ಕೂಲಿಯಾಳು.

2014ರ ನಡುವಿನಿಂದ ಕಚ್ಚಾತೈಲದ ಬೆಲೆ ಕುಸಿದಾಗ ಸೌದಿ ಸರ್ಕಾರ ಗುತ್ತಿಗೆದಾರರಿಗೆ ಪಾವತಿಯನ್ನು ಮುಂದೂಡಿತು. ಹರೀರಿ ಕುಟುಂಬದ ಸೌದಿ ಒಜರ್ ಕಂಪನಿಯಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತಿತು. 2016ರ ಜುಲೈ ಕೊನೆಗೆ ಜಿದ್ದಾದ ಭಾರತೀಯ ದೂತಾವಾಸ ಕಾರ್ಮಿಕ ಶಿಬಿರಗಳಿಗೆ ಆಹಾರ ಹಂಚಬೇಕಾಯಿತು, ಮಂತ್ರಿ ವಿ.ಕೆ. ಸಿಂಗ್ ಅಲ್ಲಿಗೆ ಧಾವಿಸಿದರು. 2017ರ ಜುಲೈ 31ರಂದು ಕಂಪನಿ ಮುಚ್ಚಿತು. ಅದರ ಪತನಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಮೇಲೆ ತಡವಾದ ಪಾವತಿ ಕೆಳಗೆ ಹಸಿವಾಗಿ ಇಳಿಯುವ ದಾರಿ ಅಲ್ಲಿ ಎಲ್ಲರಿಗೂ ಕಂಡಿತು.

ಸೌದಿಯಲ್ಲಿ 2013ರಿಂದ ವೇತನ ರಕ್ಷಣಾ ವ್ಯವಸ್ಥೆಯಿದೆ. ಸಂಬಳ ಬ್ಯಾಂಕಿಗೆ ಬಂತೇ ಎಂದು ಅದು ನೋಡುತ್ತದೆ. ಕೊಡಬೇಕಾದವನ ಖಾತೆ ಏಕೆ ಬರಿದಾಯಿತೆಂದು ಕೇಳುವುದಿಲ್ಲ. ನ್ಯೂಜಿಲೆಂಡಿನಲ್ಲಿ 2013ರಲ್ಲಿ ಮೇನ್‌ಜೀಲ್ ಎಂಬ ನಿರ್ಮಾಣ ಕಂಪನಿ ಮುಳುಗಿ ಉಪಗುತ್ತಿಗೆದಾರರ ಹಣವೂ ಹೋದ ಮೇಲೆ ಕಾನೂನೇ ಬದಲಾಯಿತು. 2017ರಿಂದ ಅಲ್ಲಿ ತಡೆಹಿಡಿದ ಹಣ ನ್ಯಾಸದ ಹಣ. 2023ರಲ್ಲಿ ಆ ನಿಯಮ ಇನ್ನಷ್ಟು ಬಿಗಿಯಾಯಿತು. ‘ನಮಗೆ ಬಂದ ಮೇಲೆ ನಿಮಗೆ’ ಎಂಬ ಷರತ್ತಿಗೆ ಬ್ರಿಟನ್ 1996ರ ಕಾಯಿದೆಯಲ್ಲೇ ಬಹುಮಟ್ಟಿಗೆ ತಡೆಹಾಕಿತ್ತು.

ಜುಬೈಲ್, ದಮ್ಮಾಮ್, ಜಿದ್ದಾಗಳಲ್ಲಿ ನಮ್ಮ ಕರಾವಳಿಯವರು ಕೂಲಿಗಳಾಗಿದ್ದಾರೆ, ಇಂಜಿನಿಯರುಗಳಾಗಿದ್ದಾರೆ, ಸಣ್ಣ ಗುತ್ತಿಗೆದಾರರೂ ಆಗಿದ್ದಾರೆ. ಆದ್ದರಿಂದ ಈ ಸರಪಳಿಯ ಒಂದು ಕೊಂಡಿ ನಮ್ಮವರ ಕೈಯಲ್ಲೂ ಇದೆ. ಮೇಲಿನವರಿಂದ ವಂಚಿತನಾದ ಉಪಗುತ್ತಿಗೆದಾರ ಅದೇ ವಂಚನೆಯನ್ನು ಕೆಳಗೆ ದಾಟಿಸಿದರೆ, ಊರಿನವನೆಂಬ ಕಾರಣಕ್ಕೆ ನಾವು ಸುಮ್ಮನಿರುವುದು ಕೂಲಿಯಾಳಿಗೆ ಬಗೆಯುವ ದ್ರೋಹ.

2034ರ ಫುಟ್ಬಾಲ್ ವಿಶ್ವಕಪ್ಪಿಗಾಗಿ ಸೌದಿ ಅರೇಬಿಯಾ ಕ್ರೀಡಾಂಗಣಗಳನ್ನು ಕಟ್ಟುತ್ತಿದೆ. ಕರಾರುಗಳು ಸಹಿಯಾಗುವ ಈ ಹೊತ್ತಿನಲ್ಲೇ ನಾವು ಮೂರು ಬೇಡಿಕೆಗಳನ್ನಿಡಬೇಕು: ತಡೆಹಿಡಿದ ಹಣ ಪ್ರತ್ಯೇಕ ಖಾತೆಯಲ್ಲಿರಲಿ, ಅದರ ಬಿಡುಗಡೆಯ ದಿನ ಉಪಗುತ್ತಿಗೆದಾರನ ಸ್ವಂತ ಕೆಲಸಕ್ಕೆ ಹೊಂದಿರಲಿ, ಮೇಲಿನಿಂದ ಹಣ ಬರಲಿ, ಬಾರದಿರಲಿ, ಕೂಲಿ ತಿಂಗಳಿಗೆ ಸಲ್ಲಲಿ. ದುಡಿದು ಮುಗಿಸಿದವನ ಹಣವನ್ನು ಹಿಡಿದಿಟ್ಟವನು ಅದರ ಕಾವಲುಗಾರನೇ ಹೊರತು ಒಡೆಯನಲ್ಲ.