ಉತ್ತರನ ಪೌರುಷ

ನಮ್ಮ ಕನ್ನಡದ ಗಾದೆಗಳಿಗೆ ಗಂಡಸರ ವಿಷಯದಲ್ಲಿ ಅಷ್ಟೇನೂ ದಾಕ್ಷಿಣ್ಯವಿದ್ದಂತೆ ತೋರುವುದಿಲ್ಲ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುವ ಜಟ್ಟಿಯೂ ಗಂಡಸೇ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಮಾತಿಗೆ ಗುರಿಯಾದವನೂ ಗಂಡಸೇ. ಇವುಗಳಲ್ಲಿ ಎರಡನೆಯದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಸಂಕಲ್ಪ. ಕೇಳುತ್ತಿರುವವರಲ್ಲಿ ಮಹನೀಯರು ನಡುಮನೆಯ ಆರಾಮಕುರ್ಚಿಯಲ್ಲಿಯೂ ಮಹಿಳೆಯರು ಅಡುಗೆಮನೆಯ ಬಾಗಿಲಿನಲ್ಲಿಯೂ ಇರುವರೆಂದು ಊಹಿಸಿಕೊಂಡಿದ್ದೇವೆ. ಒಲೆಗೆ ಹತ್ತಿರವಿರುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಮುಂದಿನ ವಿಚಾರಕ್ಕೆ ಅನುಕೂಲ.

ಕಥೆ ಎಲ್ಲರಿಗೂ ತಿಳಿದದ್ದೇ. ಮಳೆ ಬಾರದಿದ್ದರೆ ವಿರಾಟಪರ್ವವನ್ನು ಓದಿಸುವ ವಾಡಿಕೆ ನಮ್ಮ ನಾಡಿನಲ್ಲಿರುವುದರಿಂದ, ಬರಗಾಲದ ಪುಣ್ಯದಿಂದಲಾದರೂ ಅದನ್ನು ಕೇಳಿದವರು ಬಹಳ ಮಂದಿ. ತ್ರಿಗರ್ತರು ಹಿಡಿದ ತುರುಗಳನ್ನು ಬಿಡಿಸಿ ತರಲು ವಿರಾಟರಾಯನು ಸೇನೆಯೊಡನೆ ಹೋಗಿದ್ದಾನೆ. ಇತ್ತ ಇನ್ನೊಂದು ದಿಕ್ಕಿನಲ್ಲಿ ಕೌರವರು ಗೋವುಗಳನ್ನು ಹೊಡೆದುಕೊಂಡು ಹೋದರೆಂದು ಗೋವಳನೊಬ್ಬನು ಓಡಿ ಬರುತ್ತಾನೆ. ಊರನ್ನು ಕಾಯಬೇಕಾದ ರಾಜಕುಮಾರ ಉತ್ತರನು ಇದ್ದದ್ದು ಹೆಂಗಸರ ನಡುವೆ. ಸಾರಥಿಯೊಬ್ಬನಿದ್ದಿದ್ದರೆ ಭೀಷ್ಮದ್ರೋಣಾದಿಗಳಿಗೆ ತಕ್ಕ ಶಾಸ್ತಿ ಮಾಡುತ್ತಿದ್ದೆನೆಂದು ಅವನು ಅವರ ಮುಂದೆ ಹೇಳಿಕೊಂಡನು. ಸೈರಂಧ್ರಿಯ ಸೂಚನೆಯಂತೆ ನಾಟ್ಯ ಕಲಿಸುವ ಬೃಹನ್ನಳೆ ಸಾರಥಿಯಾಗಿ ಒದಗಿದಳು. ಪಾಪ, ಇದ್ದ ಒಂದು ನೆಪವೂ ಹೋಯಿತು. ಕುರುಸೇನೆ ಕಣ್ಣಿಗೆ ಬಿದ್ದೊಡನೆ ಕುಮಾರನು ರಥದಿಂದ ಧುಮುಕಿ ಓಡತೊಡಗಿದನು.

ಸಾರಥಿಯಿಲ್ಲವೆಂಬ ಆ ನೆಪ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ. ಹೆಸರು ಮಾತ್ರ ‘ಹೊತ್ತಿಲ್ಲ’ ಎಂದು ಬದಲಾಗಿದೆ. ಹೊತ್ತಿದ್ದಿದ್ದರೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆವು. ಹೊತ್ತಿದ್ದಿದ್ದರೆ ಹುಳಿಯೆಂದರೆ ಹೇಗಿರಬೇಕೆಂಬುದನ್ನು ಮಾಡಿಯೇ ತೋರಿಸುತ್ತಿದ್ದೆವು. ಪ್ರಪಂಚದ ಯುದ್ಧಗಳನ್ನೆಲ್ಲ ವೃತ್ತಪತ್ರಿಕೆಯ ಮರೆಯಲ್ಲಿ ಕುಳಿತು ಗೆದ್ದು, ಸ್ನಾನಕ್ಕೆ ಹೊರಟಾಗ ಟವಲು ಎಲ್ಲಿದೆಯೆಂದು ಕೂಗುವ ಶೂರರು ನಾವು. ಟವಲು ಮದುವೆಯಾದಂದಿನಿಂದಲೂ ಅದೇ ಗೂಟದಲ್ಲಿ ತೂಗುತ್ತಿರುತ್ತದೆ. ಮನೆಯಾಕೆ ನಾಲ್ಕು ದಿನ ತವರಿಗೆ ಹೋದರೆ ಸಾಸಿವೆಯ ಡಬ್ಬಿಗಾಗಿ ನಡೆಯುವ ಶೋಧನೆ ಸೀತಾನ್ವೇಷಣೆಗೆ ಕಡಿಮೆಯದಲ್ಲ. ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಳ್ಳುವ ಕಾಲ ಪಟ್ಟಣಗಳಲ್ಲಿ ಕಳೆಯಿತು. ಗ್ಯಾಸಿನ ಒಲೆ ಬಂದಿತು. ಒಲೆ ಬದಲಾದರೂ ಅದರ ಮುಂದಿನ ಪೌರುಷ ಬದಲಾಗಲಿಲ್ಲ.

ಅದಿರಲಿ. ರಾಜಕುಮಾರನು ಹೀಗೆ ಮಾತನಾಡುತ್ತಿದ್ದಾಗ ಆ ಅರಮನೆಯಲ್ಲಿದ್ದ ನಿಜವಾದ ಶೂರರು ಏನು ಮಾಡುತ್ತಿದ್ದರೆಂಬುದನ್ನೂ ನೋಡಬೇಕು. ಹಿಡಿಂಬ ಬಕರನ್ನು ಮುರಿದ ಭೀಮಸೇನನು ವಲಲನೆಂಬ ಹೆಸರಿನಿಂದ ಒಂದು ವರ್ಷಕಾಲ ಅಡುಗೆ ಮಾಡಿದನು. ಗಾಂಡೀವ ಹಿಡಿದ ಕೈಗೆ ಬಳೆ ತೊಟ್ಟು ಅರ್ಜುನನು ಹೆಣ್ಣುಮಕ್ಕಳಿಗೆ ಕುಣಿತ ಹೇಳಿಕೊಟ್ಟನು. ನಕುಲ ಕುದುರೆಗಳನ್ನೂ ಸಹದೇವ ದನಗಳನ್ನೂ ನೋಡಿಕೊಂಡರು. ಇದರಿಂದ ಅವರ ಗಂಡುತನಕ್ಕೆ ಊನ ಬಂದಿತೆಂದು ಯಾವ ಗಮಕಿಯೂ ಹೇಳಿಲ್ಲ. ಅಡುಗೆ ಸೊಗಸಾಗಿದ್ದರೆ ನಾವು ನಳಪಾಕವೆನ್ನುತ್ತೇವೆ, ಭೀಮಪಾಕವೆನ್ನುತ್ತೇವೆ. ಎರಡೂ ಗಂಡಸರ ಹೆಸರೇ. ಮದುವೆಮನೆಯಲ್ಲಿ ಸಾವಿರ ಎಲೆಗೆ ಬೇಯಿಸುವ ಅಡುಗೆಭಟ್ಟರನ್ನು ಕಂಡು ನಗುವವರಿಲ್ಲ. ಸಾವಿರ ಎಲೆಗೆ ಬೇಯಿಸಿದರೆ ಪೌರುಷವೂ ನಾಲ್ಕು ಎಲೆಗೆ ಬೇಯಿಸಿದರೆ ನಾಚಿಕೆಯೂ ಆಗುವುದಾದರೆ, ನಡುವೆ ಎಷ್ಟನೆಯ ಎಲೆಯಲ್ಲಿ ಗಂಡಸುತನ ಕೆಡುತ್ತದೆಂಬುದನ್ನು ಲೆಕ್ಕ ಬಲ್ಲವರು ತಿಳಿಸಬೇಕು. ನಮಗೆ ತೋರುವಂತೆ, ವ್ಯತ್ಯಾಸವಿರುವುದು ಕೆಲಸದಲ್ಲಿ ಅಲ್ಲ, ಕೂಲಿಯಲ್ಲಿ.

ಇದಕ್ಕೆಲ್ಲ ಉದ್ಯೋಗವೇ ಪುರುಷಲಕ್ಷಣವೆಂಬ ಹಳೆಯ ನುಡಿಯನ್ನು ನಾವು ಅರ್ಥಮಾಡಿಕೊಂಡ ರೀತಿ ಬಹುಮಟ್ಟಿಗೆ ಕಾರಣ. ಉದ್ಯೋಗವೆಂದರೆ ಮೂಲದಲ್ಲಿ ಪ್ರಯತ್ನ, ಉದ್ಯಮ. ವಿರಾಟಪರ್ವವು ಮುಗಿದೊಡನೆ ಬರುವುದು ಉದ್ಯೋಗಪರ್ವ. ಅದರಲ್ಲಿ ಯಾರಿಗೂ ಸರ್ಕಾರದ ನೌಕರಿ ಸಿಕ್ಕಿದ ಸುದ್ದಿಯಿಲ್ಲ. ನಾವಾದರೋ ಆ ಪದವನ್ನು ಕಚೇರಿಗೆ ಕಳುಹಿಸಿ ಸಂಬಳಕ್ಕೆ ಗಂಟುಹಾಕಿದೆವು. ಅದರ ಫಲವನ್ನು ನಿವೃತ್ತರ ಮನೆಗಳಲ್ಲಿ ಕಾಣಬಹುದು. ಮೂವತ್ತು ವರ್ಷ ಕಾಗದಪತ್ರಗಳನ್ನು ಕಣ್ಣು ಮುಚ್ಚಿಕೊಂಡು ಹುಡುಕಿ ತೆಗೆಯುತ್ತಿದ್ದವರು, ವಿಶ್ರಾಂತಿಯ ಮರುದಿನದಿಂದ ಸ್ವಂತ ಮನೆಯಲ್ಲಿ ದಾರಿ ತಪ್ಪಿದವರಂತೆ ತಿರುಗುತ್ತಾರೆ. ಮಕ್ಕಳು ದೊಡ್ಡವರಾಗಿದ್ದಾರೆ, ತಾಯಿಯೊಡನೆ ಗಂಟೆಗಟ್ಟಲೆ ಮಾತನಾಡುವವರು ತಂದೆ ಬಂದರೆ ಎದ್ದು ನಿಲ್ಲುತ್ತಾರೆ. ಮರ್ಯಾದೆಯೇನೋ ಸಲ್ಲುತ್ತದೆ, ಮಾತು ಸಲ್ಲುವುದಿಲ್ಲ. ಆ ಮಕ್ಕಳಿಗೆ ಜ್ವರ ಬಂದ ರಾತ್ರಿಗಳಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ ಬೇರೆ, ಔಷಧಿಗೆ ಹಣ ಕೊಟ್ಟ ಕೈ ಬೇರೆ. ಎರಡೂ ಬೇಕಾದವೇ. ಆದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಯಾವುದೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇನ್ನು ಉತ್ತರನಿಗೆ ಒಂದು ಮಾತಿನ ನ್ಯಾಯ ಸಲ್ಲಬೇಕು. ಗಾದೆ ಅವನನ್ನು ಒಲೆಯ ಮುಂದೆಯೇ ಬಿಟ್ಟುಬಿಟ್ಟಿತು, ವ್ಯಾಸರು ಬಿಡಲಿಲ್ಲ. ಓಡುತ್ತಿದ್ದವನನ್ನು ಅರ್ಜುನನು ಬೆನ್ನಟ್ಟಿ ಹಿಡಿದು ಧೈರ್ಯ ಹೇಳಿದನು. ಶಮೀವೃಕ್ಷವನ್ನು ಹತ್ತಿಸಿ ಆಯುಧಗಳನ್ನು ಇಳಿಸಿಕೊಂಡು, ಕೈಗೆ ಕುದುರೆಗಳ ಹಗ್ಗ ಕೊಟ್ಟನು. ಸಾರಥಿ ಬೇಕೆಂದವನು ತಾನೇ ಸಾರಥಿಯಾಗಿ ಆ ಯುದ್ಧವನ್ನು ಕಂಡನು. ಊರಿಗೆ ಮರಳಿದಾಗ ವಿರಾಟನು ಗೆಲವೆಲ್ಲ ಮಗನದೆಂದು ಹಿಗ್ಗುತ್ತಿದ್ದನು. ಹಾಗಲ್ಲವೆಂದ ಕಂಕನ ಮುಖಕ್ಕೆ ದಾಳವನ್ನೂ ಬೀಸಿ ಒಗೆದಿದ್ದನು. ಒಂದು ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೂ ಆ ಹುಡುಗನು ಗೆದ್ದವನು ತಾನಲ್ಲ, ದೇವಪುತ್ರನೊಬ್ಬನು ಬಂದು ಗೆದ್ದುಕೊಟ್ಟನೆಂದು ತಂದೆಗೆ ಹೇಳಿದನು. ಮುಂದೆ ಕುರುಕ್ಷೇತ್ರದ ಮೊದಲನೆಯ ದಿನವೇ, ಆನೆಯನ್ನೇರಿ ಶಲ್ಯನೊಡನೆ ಕಾದಾಡಿ ಮಡಿದನು. ಆ ದಿನ ಅವನು ಓಡಲಿಲ್ಲ. ಆದರೂ ಅವನ ನಿಜವಾದ ಪೌರುಷವು ಸಭೆಯಲ್ಲಿ ತಂದೆಯ ಮುಂದೆ ಆಡಿದ ಆ ಮಾತಿನಲ್ಲಿಯೇ ಇದೆಯೆಂದು ನಮ್ಮ ಭಾವನೆ. ಯಜಮಾನರೆಂಬ ಬಿರುದನ್ನು ಹೊತ್ತಿರುವ ನಾವು, ಅತಿಥಿಗಳು ಮನೆಯ ಅಚ್ಚುಕಟ್ಟನ್ನು ಹೊಗಳಿದಾಗ, ಇದನ್ನು ಗೆದ್ದವರು ನಾವಲ್ಲವೆಂದು ಒಮ್ಮೆ ಬಾಯಿ ಬಿಟ್ಟು ಹೇಳಿದರೆ ಮೀಸೆಗೇನೂ ಮಣ್ಣಾಗಲಾರದು.

ಕೊನೆಗೆ ಒಂದು ಸಣ್ಣ ಸಂಗತಿ. ರಥ ಹೊರಡುವಾಗ ರಾಜಕುಮಾರಿ ಉತ್ತರೆಯೂ ಗೆಳತಿಯರೂ ಬೃಹನ್ನಳೆಯನ್ನು ಒಂದು ಕೋರಿಕೆ ಕೇಳಿದ್ದರು: ಗೆದ್ದು ಬರುವಾಗ ಗೊಂಬೆಗಳಿಗೆ ಬಣ್ಣಬಣ್ಣದ ಬಟ್ಟೆ ತರಬೇಕೆಂದು. ದ್ರೋಣ, ಕರ್ಣ, ದುರ್ಯೋಧನರು ಮೂರ್ಛೆಯಲ್ಲಿ ಬಿದ್ದಿದ್ದಾಗ ಅರ್ಜುನನಿಗೆ ನೆನಪಾದದ್ದು ಅದು. ಕುಮಾರನನ್ನು ಕಳುಹಿಸಿ ಅವರ ಉತ್ತರೀಯಗಳನ್ನು ತರಿಸಿದನು. ನಾಳೆ ಸಂಜೆ ಮನೆಗೆ ಬರುವಾಗ ತರಬೇಕೆಂದು ಮಗು ಹೇಳಿದ್ದ ಪೆನ್ಸಿಲು, ರಿಬ್ಬನ್ನು ಯಾವುದೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಜ್ಞಾಪಕವಿದೆಯೋ ತಿಳಿಯದು. ಇಲ್ಲದಿದ್ದರೆ, ಈ ಭಾಷಣ ಮುಗಿದೊಡನೆ ಒಳಗೆ ಹೋಗಿ ಕೇಳಿಕೊಳ್ಳಬಹುದು. ಹಾಗೆಯೇ ಬರುವಾಗ ಕಾಫಿಯ ಲೋಟಗಳನ್ನು ತೊಳೆದಿಟ್ಟು ಬಂದರೂ ಬಾಧಕವಿಲ್ಲ.